ಅಮ್ಮನ ಪಕ್ಕದಲ್ಲಿ ಕೂತವರು ಯಾರು?

ಸಂಘದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈಚೆಗೆ ಬಿಸಿಬಿಸಿ ಚರ್ಚೆಯೊಂದು ನಡೆಯಿತು. ರಾಜ್ಯೋತ್ಸವದ ದಿನ ಸಭಾಂಗಣದ ಒಂದು ಗೋಡೆಯ ಮೇಲೆ ನಮ್ಮ ನಮ್ಮ ಮನೆಗಳ ಹಳೆಯ ಫೋಟೋಗಳನ್ನು ಪ್ರದರ್ಶಿಸಬೇಕೆಂದು ಮಹಿಳಾ ಸದಸ್ಯರು ಸಲಹೆ ಕೊಟ್ಟರು. ಎಲ್ಲರೂ ಒಪ್ಪಿದರು. ಆಗ ನಮ್ಮ ಯುವಕರೊಬ್ಬರು ಎದ್ದು, "ಅಂಕಲ್, ಹರಿದದ್ದು, ಮಸುಕಾದದ್ದು ಎಲ್ಲ ನನಗೆ ಕೊಡಿ. ಎಐಗೆ ಹಾಕಿ ಹೊಸದರ ಹಾಗೆ ಮಾಡಿಕೊಡುತ್ತೇನೆ. ಬಣ್ಣ ಬೇಕಾದರೆ ಬಣ್ಣ. ಫೋಟೋದಲ್ಲಿ ಇಲ್ಲದವರನ್ನು ಸೇರಿಸಬೇಕಾದರೆ ಅದೂ ಆಗುತ್ತೆ" ಎಂದರು. ಅರ್ಧ ಸಭೆ ಚಪ್ಪಾಳೆ ತಟ್ಟಿತು. ಹಿರಿಯರೊಬ್ಬರು ಮಾತ್ರ, "ಇಲ್ಲದವರನ್ನು ಸೇರಿಸೋದು ಅಂದರೇನಪ್ಪ? ಆಮೇಲೆ ಅದನ್ನು ಫೋಟೋ ಅಂತ ಹೇಗೆ ಕರೆಯೋದು?" ಎಂದು ಕೇಳಿದರು. ಚರ್ಚೆ ಕಾಫಿ ಬರುವ ತನಕ ಬೆಳೆಯಿತು. ಕಾಫಿ ಕುಡಿದ ಮೇಲೂ ಮುಗಿಯಲಿಲ್ಲ. ಕೊನೆಗೆ ಸಂಪಾದಕರು ನನ್ನ ಕಡೆ ತಿರುಗಿ, "ಡಾಕ್ಟ್ರೇ, ದಿನವಿಡೀ ಚಿತ್ರ ನೋಡೋದೇ ನಿಮ್ಮ ಕೆಲಸ. ಈ ವಿಷಯದ ಮೇಲೆ ನೀವೇ ನಾಲ್ಕು ಪುಟ ಬರೆದುಕೊಡಿ" ಎಂದು ಅಪ್ಪಣೆ ಮಾಡಿದರು.

ಅವರಿಗೆ ಗೊತ್ತಿರಲಿಲ್ಲ, ಈ ಪ್ರಶ್ನೆ ನನ್ನ ಮನೆಗೆ ಅಷ್ಟರಲ್ಲೇ ಬಂದು ಕೂತಿತ್ತು ಎಂದು. ಸಭೆಯಲ್ಲಿ ನಾನು ಬಾಯಿ ಬಿಡದೆ ಇದ್ದುದಕ್ಕೆ ಅದೇ ಕಾರಣ. ಓದುಗ ಮಿತ್ರರು ನನ್ನ ಮನೆಯ ಮಾತನ್ನು ಸ್ವಲ್ಪ ಸಹಿಸಿಕೊಳ್ಳಬೇಕೆಂದು ಕೋರುತ್ತೇನೆ.

ಮೊದಲು ನನ್ನ ವೃತ್ತಿಯ ಬಗ್ಗೆ ಎರಡು ಮಾತು. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಪರದೇಶಕ್ಕೆ ಬಂದು ರೆಸಿಡೆನ್ಸಿ ಮಾಡಿ, ರೇಡಿಯಾಲಜಿಸ್ಟ್ ಆದವನು ನಾನು. ಸರಳವಾಗಿ ಹೇಳಿದರೆ ಎಕ್ಸ್‌ರೇ ಡಾಕ್ಟರು. ರೋಗಿಯ ಮುಖ ನೋಡುವುದು ಕಡಿಮೆ, ಅವರ ನೆರಳು ನೋಡುವುದು ಹೆಚ್ಚು. ನೆರಳು ಎಂದದ್ದು ತಮಾಷೆಗಲ್ಲ. ಎಕ್ಸ್‌ರೇ ಎಂಬುದು ನಿಜವಾಗಿಯೂ ಒಂದು ನೆರಳೇ. 1895ರ ಡಿಸೆಂಬರಿನಲ್ಲಿ ಜರ್ಮನಿಯ ರಾಂಟ್ಜೆನ್ ತನ್ನ ಹೆಂಡತಿಯ ಕೈಯನ್ನು ಫಲಕದ ಮೇಲೆ ಇಡಿಸಿ ತೆಗೆದ ಆ ಪ್ರಸಿದ್ಧ ಚಿತ್ರದಲ್ಲಿ ಎಲುಬುಗಳ ನೆರಳು, ಬೆರಳಿನ ಉಂಗುರದ ನೆರಳು ಎರಡೂ ಇವೆ. ನೆರಳಿಗೆ ಒಂದು ಗುಣವುಂಟು. ವಸ್ತು ಇಲ್ಲದೆ ಅದು ಬೀಳುವುದಿಲ್ಲ. ನಮ್ಮ ಹಿರಿಯರು ಫೋಟೋಗೆ 'ಛಾಯಾಚಿತ್ರ' ಎಂದು ಹೆಸರಿಟ್ಟಾಗ ಈ ಗುಣ ಅವರ ಮನಸ್ಸಿನಲ್ಲಿ ಇತ್ತೋ ಇಲ್ಲವೋ, ಹೆಸರಂತೂ ಸರಿಯಾಗಿಯೇ ಇದೆ. ಅಲ್ಲಿ ಯಾರೋ ನಿಂತಿದ್ದರು, ಬೆಳಕು ಬಿತ್ತು, ಗುರುತು ಉಳಿಯಿತು.

ಕನ್ನಡದಲ್ಲಿ ಇನ್ನೊಂದು ಮಾತೂ ಇದೆ: 'ಭಾವಚಿತ್ರ'. ಗೋಡೆಯ ಮೇಲೆ ಹಾರ ಹಾಕಿ ಇಡುವ ಚಿತ್ರವನ್ನು ಸಾಮಾನ್ಯವಾಗಿ ಹಾಗೆ ಕರೆಯುತ್ತೇವೆ. ಒಂದೇ ಫೋಟೋ ಈ ಎರಡೂ ಕೆಲಸವನ್ನು ಮಾಡುತ್ತಾ ಬಂದಿದೆ. ನಡೆದದ್ದಕ್ಕೆ ಸಾಕ್ಷಿ ಹೇಳುವುದು ಒಂದು, ಮನಸ್ಸಿನ ಭಾವವನ್ನು ಹಿಡಿದಿಡುವುದು ಇನ್ನೊಂದು. ಎರಡೂ ಒಟ್ಟಿಗೇ ಇದ್ದುದರಿಂದ ಅವು ಬೇರೆ ಬೇರೆ ಎಂದು ನಮಗೆ ತೋರಲೇ ಇಲ್ಲ. ಈಗ ಯಂತ್ರ ಬಂದು ಅವೆರಡನ್ನೂ ಬಿಡಿಸಿಟ್ಟಿದೆ.

ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಕೋಟ್ಯಂತರ ಚಿತ್ರಗಳನ್ನೂ ಅವುಗಳ ಜೊತೆಗಿದ್ದ ವಿವರಣೆಗಳನ್ನೂ ಅದಕ್ಕೆ ಉಣಿಸುತ್ತಾರೆ. 2022ರಲ್ಲಿ ಪ್ರಕಟವಾದ ಅಂಥ ಒಂದು ಸಂಗ್ರಹದಲ್ಲೇ ಐನೂರು ಕೋಟಿಗಿಂತ ಹೆಚ್ಚು ಚಿತ್ರಗಳ ಕೊಂಡಿಗಳಿದ್ದವು. ಇಂಥ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಕಲಿಸುವ ಕ್ರಮ ಹೀಗೆ: ಒಂದು ಚಿತ್ರದ ಮೇಲೆ ಮರಳು ಎರಚಿದಂತೆ ಚುಕ್ಕಿಗಳನ್ನು ಸುರಿದು ಹಾಳು ಮಾಡುವುದು, ಆಮೇಲೆ ಆ ಚುಕ್ಕಿಗಳನ್ನು ತೆಗೆದು ಚಿತ್ರವನ್ನು ಮರಳಿ ತರಲು ಅಭ್ಯಾಸ ಮಾಡಿಸುವುದು. ಅಭ್ಯಾಸವಾದ ಮೇಲೆ ಬರಿಯ ಚುಕ್ಕಿಗಳ ರಾಶಿಯನ್ನು ಕೊಟ್ಟು "ಮುದುಕಿಯ ಪಕ್ಕದಲ್ಲಿ ಕೂತ ಮಗ" ಎಂದರೆ, ಅದು ಚುಕ್ಕಿಗಳನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಅಂಥದೊಂದು ಚಿತ್ರವನ್ನು ಹೊರತೆಗೆಯುತ್ತದೆ. 'ಏನು ನಡೆಯಿತು?' ಎಂದು ಅದು ಎಲ್ಲಿಯೂ ಕೇಳುವುದಿಲ್ಲ. 'ಇಂಥದ್ದು ಸಾಮಾನ್ಯವಾಗಿ ಹೇಗೆ ಕಾಣುತ್ತದೆ?' ಎಂಬುದಷ್ಟೇ ಅದಕ್ಕೆ ಬೇಕು. ಅಲ್ಲಿ ಯಾರೂ ನಿಂತಿಲ್ಲ, ಯಾವ ಬೆಳಕೂ ಬಿದ್ದಿಲ್ಲ. ಭಾವವಿದೆ, ಛಾಯೆ ಇಲ್ಲ.

ಹಾಗಾದರೆ ಚಿತ್ರ ತಿದ್ದುವುದೇ ತಪ್ಪೇ? ತಪ್ಪೆಂದು ನಾನು ಹೇಳಲಾರೆ. ನಾನೇ ದಿನಾ ತಿದ್ದುತ್ತೇನೆ. ಒಂದು ಸಿ.ಟಿ. ಸ್ಕ್ಯಾನನ್ನು ಎಲುಬು ಕಾಣುವಂತೆ ಒಮ್ಮೆ, ಶ್ವಾಸಕೋಶ ಕಾಣುವಂತೆ ಒಮ್ಮೆ ಕಪ್ಪು ಬಿಳುಪು ಹೊಂದಿಸಿಕೊಳ್ಳುತ್ತೇನೆ. ಇದ್ದದ್ದು ಚೆನ್ನಾಗಿ ಕಾಣಲೆಂದು ಮಾಡುವ ತಿದ್ದುಪಡಿ ಅದು. ಆದರೆ ಶ್ವಾಸಕೋಶದ ಮೇಲಿನ ಒಂದು ಗಂಟನ್ನು ನಾನು ಒರೆಸಿಬಿಟ್ಟರೆ? 2019ರಲ್ಲಿ ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನೇ ಪರೀಕ್ಷೆಗಾಗಿ ಮಾಡಿ ತೋರಿಸಿದರು. ಕೃತಕ ಬುದ್ಧಿಮತ್ತೆಯಿಂದ ಶ್ವಾಸಕೋಶದ ಸ್ಕ್ಯಾನುಗಳಲ್ಲಿ ಇಲ್ಲದ ಕ್ಯಾನ್ಸರ್ ಗಂಟುಗಳನ್ನು ಸೇರಿಸಿದರು, ಇದ್ದ ಗಂಟುಗಳನ್ನು ಅಳಿಸಿದರು. ಅನುಭವವುಳ್ಳ ಮೂವರು ರೇಡಿಯಾಲಜಿಸ್ಟರಿಗೆ ಸುಳಿವು ಕೊಡದೆ ತೋರಿಸಿದರು. ಸೇರಿಸಿದ ಗಂಟುಗಳಿದ್ದವುಗಳಲ್ಲಿ ಶೇಕಡಾ 99ರಷ್ಟನ್ನು ಅವರು ಕ್ಯಾನ್ಸರ್ ಎಂದರು. ಗಂಟು ಅಳಿಸಿದವುಗಳಲ್ಲಿ ಶೇಕಡಾ 94ರಷ್ಟನ್ನು ಆರೋಗ್ಯವಂತರದ್ದೆಂದರು. ಆ ವರದಿ ಓದಿದ ದಿನ ನನಗೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ನಮ್ಮ ಗಾದೆ ಆ ಮೂವರಿಗಾಗಿಯೇ ಹುಟ್ಟಿದಂತಿತ್ತು. ನಾನು ಅಲ್ಲಿದ್ದಿದ್ದರೆ ನಾಲ್ಕನೆಯವನಾಗುತ್ತಿದ್ದೆ.

ಆಸ್ಪತ್ರೆಯಲ್ಲಿ ಉತ್ತರ ಸುಲಭ. ಚಿತ್ರ ಸುಳ್ಳಾದರೆ ರೋಗಿ ಸಾಯುತ್ತಾನೆ. ಮನೆಯ ಗೋಡೆಯ ಮೇಲಿನ ಚಿತ್ರಕ್ಕೂ ಅದೇ ನ್ಯಾಯವೇ? ಅಲ್ಲಿ ಯಾರಿಗೆ ಏನು ನಷ್ಟ?

ನಮ್ಮ ಹಾಸನದ ಮನೆಯ ನಡುಮನೆಯಲ್ಲಿ ಅಜ್ಜ ಅಜ್ಜಿಯರ ದೊಡ್ಡ ಫೋಟೋ ಒಂದಿತ್ತು. ಇಬ್ಬರೂ ಅಕ್ಕಪಕ್ಕ, ಹಿಂದೆ ಸ್ಟುಡಿಯೋದ ಪರದೆ, ಅಜ್ಜಿಯ ಸೀರೆಗೆ ಕೈಯಿಂದ ಹಚ್ಚಿದ ತಿಳಿ ನೀಲಿ ಬಣ್ಣ. ನಾನು ಮೆಡಿಕಲ್ ಕಾಲೇಜು ಸೇರುವ ತನಕವೂ ಅವರಿಬ್ಬರೂ ಎಂದೋ ಒಂದು ದಿನ ಪೇಟೆಗೆ ಹೋಗಿ ಆ ಸ್ಟುಡಿಯೋದಲ್ಲಿ ಕೂತಿದ್ದರೆಂದೇ ನಂಬಿದ್ದೆ. ಒಂದು ರಜೆಯಲ್ಲಿ ಅಮ್ಮ ಗಾಜು ಒರೆಸುತ್ತಾ ಹೇಳಿದಳು: "ಅಯ್ಯೋ, ಅವರಿಬ್ಬರೂ ಒಟ್ಟಿಗೆ ಫೋಟೋ ತೆಗೆಸಿಕೊಂಡದ್ದೇ ಇಲ್ಲ ಕಣೋ. ಅಜ್ಜ ಹೋದಮೇಲೆ ಯಾವುದೋ ಗುಂಪು ಫೋಟೋದಿಂದ ಅವರನ್ನು ಬಿಡಿಸಿ ಸ್ಟುಡಿಯೋದವನು ಸೇರಿಸಿಕೊಟ್ಟ." ಹೀಗೆ ಜೋಡಿಸಿದ ಫೋಟೋಗಳು ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿಯೂ ಇದ್ದಾವು. ಅದರಿಂದ ನನಗೇನೂ ಮೋಸವಾಯಿತು ಎಂದು ಆಗ ಅನ್ನಿಸಲಿಲ್ಲ. ಅವರು ನಲವತ್ತು ವರ್ಷ ಒಟ್ಟಿಗೆ ಬಾಳಿದ್ದು ನಿಜ. ಸ್ಟುಡಿಯೋದವನು ಹೇಳಿದ್ದು ನಡೆಯದ ಘಟನೆಯಾದರೂ ಸುಳ್ಳಾದ ಸಂಗತಿಯಲ್ಲ. ಬಹಳ ವರ್ಷ ನಾನು ಹೀಗೆಯೇ ಸಮಾಧಾನ ಮಾಡಿಕೊಂಡಿದ್ದೆ.

ಇನ್ನು ನನ್ನ ಅಮ್ಮನ ವಿಷಯ.

ಅಮ್ಮ ಹೋದದ್ದು 2021ರ ಮೇ ತಿಂಗಳಿನಲ್ಲಿ, ಕೋವಿಡ್‌ನ ಎರಡನೆಯ ಅಲೆಯಲ್ಲಿ. ಆ ದಿನಗಳು ನಿಮಗೆಲ್ಲ ನೆನಪಿವೆ. ಕರ್ನಾಟಕದಲ್ಲಿ ಏಪ್ರಿಲ್ ಕೊನೆಯಿಂದಲೇ ಎಲ್ಲ ಬಂದ್ ಆಗಿತ್ತು. ಇಲ್ಲಿ ಕೀನ್ಯಾ ಸರ್ಕಾರ ಮೇ ಮೊದಲಿನಿಂದ ಭಾರತಕ್ಕೆ ಹೋಗಿಬರುವ ಪ್ರಯಾಣಿಕ ವಿಮಾನಗಳನ್ನು ನಿಲ್ಲಿಸಿತ್ತು. ನಮ್ಮ ಸಂಘದಲ್ಲಿಯೇ ಆ ತಿಂಗಳು ಎಷ್ಟು ಮನೆಗಳಲ್ಲಿ ಜನ ಫೋನು ಹಿಡಿದುಕೊಂಡು ಅತ್ತರು! ಅಣ್ಣ ಬೆಂಗಳೂರಿನಲ್ಲಿ ತಾನೇ ಜ್ವರ ಹಿಡಿದು ಮಲಗಿದ್ದ. ಹಾಸನದಲ್ಲಿ ಅಮ್ಮನ ಹತ್ತಿರ ಇದ್ದವಳು ನನ್ನ ತಂಗಿ ಒಬ್ಬಳೇ. ಆಸ್ಪತ್ರೆಯಲ್ಲಿ ಹಾಸಿಗೆ ಸಿಗಲಿಲ್ಲ. ಹನ್ನೊಂದು ದಿನ ಅವಳೇ ಮೈ ಒರೆಸಿ, ಗಂಜಿ ಕುಡಿಸಿ, ಆಕ್ಸಿಜನ್ ಸಿಲಿಂಡರಿಗಾಗಿ ಕಂಡ ಕಂಡವರ ಕಾಲು ಹಿಡಿದು ನೋಡಿಕೊಂಡಳು. ನಾನು ಇಲ್ಲಿ ಪಾರ್ಕ್‌ಲ್ಯಾಂಡ್ಸ್‌ನ ನನ್ನ ಮನೆಯ ಸೋಫಾದ ಮೇಲೆ ಕೂತು, ಆಕ್ಸಿಜನ್ ಎಷ್ಟಿದೆ, ಮಾತ್ರೆ ಕೊಟ್ಟೆಯಾ ಎಂದು ಫೋನಿನಲ್ಲಿ ಡಾಕ್ಟರಿಕೆ ಮಾಡಿದೆ. ಕೊನೆಯ ಬೆಳಿಗ್ಗೆ ತಂಗಿಯ ಮಗ ವಿಡಿಯೋ ಕರೆ ಮಾಡಿ ಫೋನು ಹಿಡಿದು ನಿಂತ. ತಂಗಿ ಅಮ್ಮನ ಬಾಯಿಗೆ ಚಮಚದಲ್ಲಿ ತುಳಸಿ ನೀರು ಬಿಟ್ಟಳು. ನಾನು ನೋಡಿದೆ. ಅಷ್ಟೇ.

"ಕೊನೆಗಾಲದಲ್ಲಿ ಬಾಯಿಗೆ ನೀರು ಬಿಡೋಕೆ ಮಗ ಇದ್ದರೆ ಸಾಕು" ಎಂದು ಅಮ್ಮ ಯಾವಾಗಲೂ ಹೇಳುತ್ತಿದ್ದಳು. ಆ ಒಂದು ಮಾತು ಪ್ರತಿ ವರ್ಷ ತಿಥಿಯ ದಿನ ನನ್ನನ್ನು ಹಿಡಿದು ಜಗ್ಗುತ್ತದೆ. ಫೋನು ಮಾಡಿ ತಂಗಿಯ ಹತ್ತಿರ ಅದನ್ನೇ ಹೇಳಿಕೊಂಡು ಅಳುತ್ತೇನೆ. ಐವತ್ತು ದಾಟಿದ ಗಂಡಸು, ಡಾಕ್ಟರು, ಎಂಬುದೆಲ್ಲ ಆ ದಿನ ಲೆಕ್ಕಕ್ಕಿಲ್ಲ.

2025ರಲ್ಲಿ ತಿಥಿಯ ದಿನ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಬಂತು. ಕಳಿಸಿದವನು ತಂಗಿಯ ಮಗ, ಈಗ ಬೆಂಗಳೂರಿನಲ್ಲಿ ಎಂಜಿನಿಯರ್. ಚಿತ್ರದಲ್ಲಿ ಅಮ್ಮ ಮಂಚದ ಮೇಲೆ ಮಲಗಿದ್ದಾಳೆ, ಮುಖ ಶಾಂತವಾಗಿದೆ. ಕಿಟಕಿಯಿಂದ ಬೆಳಗಿನ ಬಿಸಿಲು. ಮಂಚದ ಅಂಚಿನಲ್ಲಿ ನಾನು ಕೂತಿದ್ದೇನೆ. ಒಂದು ಕೈಯಲ್ಲಿ ಅವಳ ಕೈ, ಇನ್ನೊಂದು ಕೈಯಿಂದ ಅವಳ ಬಾಯಿಗೆ ನೀರು ಬಿಡುತ್ತಿದ್ದೇನೆ.

ನಾನು ಎದ್ದು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಸುಳ್ಳು ಹೇಳುವುದಿಲ್ಲ, ಮೊದಲು ಆದದ್ದು ಸಂತೋಷವೇ. ನಾಲ್ಕು ವರ್ಷ ಕಣ್ಣು ಮುಚ್ಚಿ ಕಲ್ಪಿಸಿಕೊಂಡದ್ದನ್ನು ಯಾರೋ ಕಣ್ಣೆದುರು ಇಟ್ಟಿದ್ದರು. ಗುಂಪಿನಲ್ಲಿ ಅತ್ತಿಗೆ, ಚಿಕ್ಕಮ್ಮ, ಸೋದರತ್ತೆ ಎಲ್ಲರೂ ಕೈಮುಗಿದ ಗುರುತು, ಅಳುವ ಗುರುತು ಹಾಕಿದರು. "ಎಷ್ಟು ಪುಣ್ಯವಂತೆ" ಎಂದು ಯಾರೋ ಬರೆದರು.

ಚಿತ್ರವನ್ನು ದೊಡ್ಡದು ಮಾಡಿ ನೋಡತೊಡಗಿದೆ. ಕಣ್ಣಿನ ಅಭ್ಯಾಸ ಬಿಡುವುದಿಲ್ಲವಲ್ಲ. ಅಮ್ಮನ ಬಲಗೈ ತೋರುಬೆರಳು ಸೊಟ್ಟಗಿತ್ತು. ನಾನು ಹುಡುಗನಾಗಿದ್ದಾಗ ಒರಳುಕಲ್ಲಿನ ಗುಂಡಿಗೆ ಸಿಕ್ಕಿ ಮುರಿದದ್ದು, ಹಾಗೇ ಕೂಡಿಕೊಂಡಿತ್ತು. ಮುರಿದ ಎಲುಬು ಸೊಟ್ಟಗೆ ಕೂಡಿಕೊಳ್ಳುವುದೆಂದರೇನು ಎಂದು ಕಾಲೇಜಿನಲ್ಲಿ ಪಾಠವಾದಾಗ ನನಗೆ ಮೊದಲು ನೆನಪಾದದ್ದು ಆ ಬೆರಳು. ಚಿತ್ರದಲ್ಲಿ ಆ ಬೆರಳು ನೆಟ್ಟಗಿತ್ತು. ಯಂತ್ರಕ್ಕೆ ಗೊತ್ತಿರುವುದು ಲಕ್ಷ ಮುದುಕಿಯರ ಬೆರಳು; ಅದರಲ್ಲಿ ಒಂದನ್ನು ಕೊಟ್ಟಿತ್ತು. ನಾನು ಹಿಡಿದು ಕೂತಿದ್ದ ಕೈ ನನ್ನ ಅಮ್ಮನದಾಗಿರಲಿಲ್ಲ.

ಆಮೇಲೆ ಇನ್ನೊಂದು ಹೊಳೆಯಿತು. ತಂಗಿ ಎಲ್ಲಿ? ಹನ್ನೊಂದು ದಿನ ಅಲ್ಲಿ ಕೂತಿದ್ದವಳು ಅವಳು. ನೀರು ಬಿಟ್ಟವಳು ಅವಳು. ಅವಳು ಕೂತಿದ್ದ ಜಾಗದಲ್ಲೇ ನನ್ನನ್ನು ಕೂರಿಸಲಾಗಿತ್ತು.

ಅಳಿಯನ ಮೇಲೆ ಸಿಟ್ಟು ಬಂತು. ತಂಗಿಗೇ ಫೋನು ಮಾಡಿ, "ನಿನ್ನ ಮಗನಿಗೆ ಬುದ್ಧಿ ಇಲ್ಲವೇ? ಹೆತ್ತ ತಾಯಿಯನ್ನೇ ಅಳಿಸಿ ನನ್ನನ್ನು ಕೂರಿಸಿದ್ದಾನೆ" ಎಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವನನ್ನು ಬೈಬೇಡ ಅಣ್ಣ. ನಾನೇ ಹೇಳಿ ಮಾಡಿಸಿದ್ದು" ಎಂದಳು.

"ನೀನು ಎಲ್ಲಿ ಹೋದೆ ಅದರಲ್ಲಿ?"

"ನಾನು ಇದ್ದೆ ಅಂತ ನನಗೆ ಗೊತ್ತಲ್ಲ. ಫೋಟೋ ಯಾಕೆ ಬೇಕು? ನೀನು ಪ್ರತಿ ವರ್ಷ ಅಳೋದನ್ನ ಕೇಳೋಕಾಗಲ್ಲ ನನ್ನ ಕೈಲಿ."

ಇದಕ್ಕೆ ಏನು ಉತ್ತರ ಕೊಡುವುದು? ಸುಳ್ಳಿನ ಚಿತ್ರ ಎಂದು ನಾನು ತಳ್ಳಿಹಾಕಲು ಹೊರಟದ್ದು ಒಂದು ದಾನವಾಗಿತ್ತು. ತನ್ನ ಬದುಕಿನ ಅತಿ ಕಷ್ಟದ ಹನ್ನೊಂದು ದಿನಗಳ ಜಾಗವನ್ನು ಅವಳು ನನಗೆ ಬಿಟ್ಟುಕೊಟ್ಟಿದ್ದಳು. ಅವಳಿಗೆ ಅನ್ಯಾಯವಾಯಿತು ಎನ್ನುವ ವಾದವೂ ಬಿದ್ದುಹೋಯಿತು, ಏಕೆಂದರೆ ಕೊಟ್ಟವಳು ಅವಳೇ. ಗೊತ್ತಿದ್ದವರು ಗೊತ್ತಿದ್ದವರಿಗೆ ಕೊಟ್ಟದ್ದರಲ್ಲಿ ಮೋಸ ಎಲ್ಲಿದೆ? ಹಾಗೆಂದುಕೊಂಡು ಕೆಲವು ದಿನ ಆ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಂಡೆ. ಮುದ್ರಿಸಿ ಕಟ್ಟು ಹಾಕಿಸೋಣವೆಂದೂ ಒಮ್ಮೆ ಯೋಚಿಸಿದೆ.

ನನ್ನ ಯೋಚನೆ ಕದಲಿಸಿದ್ದು ಅಣ್ಣನ ಆರು ವರ್ಷದ ಮೊಮ್ಮಗಳು. ಒಂದು ಭಾನುವಾರ ವಿಡಿಯೋ ಕರೆಯಲ್ಲಿ ಆ ಮಗು ಕೇಳಿತು: "ನೈರೋಬಿ ತಾತ, ಮುತ್ತಜ್ಜಿಗೆ ಲಾಸ್ಟಲ್ಲಿ ನೀರು ಕುಡಿಸಿದ್ದು ನೀವೇ ಅಲ್ವಾ? ನಾನು ಫೋಟೋ ನೋಡಿದೀನಿ."

ನಾನು ಇಲ್ಲ ಎನ್ನಬೇಕಿತ್ತು. ಸುತ್ತ ಎಲ್ಲರೂ ನಗುತ್ತಿದ್ದರು. ಮಾತು ಬೇರೆ ಕಡೆಗೆ ಹೋಯಿತು. ಆದರೆ ಆ ಕ್ಷಣದಲ್ಲಿ ಅಜ್ಜ ಅಜ್ಜಿಯ ನೀಲಿ ಸೀರೆಯ ಫೋಟೋ ನನ್ನ ಕಣ್ಣ ಮುಂದೆ ಬಂತು. ಜೋಡಿಸಿದ ಫೋಟೋ ಎಂದು ಅಜ್ಜಿಗೆ ಗೊತ್ತಿತ್ತು, ಅಮ್ಮನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಅಮ್ಮ ಆ ದಿನ ಗಾಜು ಒರೆಸದೆ ಇದ್ದಿದ್ದರೆ, ಗಂಡ ಬದುಕಿರುವಾಗ ಜೊತೆಯಲ್ಲಿ ಒಂದು ಫೋಟೋ ತೆಗೆಸಿಕೊಳ್ಳುವ ಭಾಗ್ಯ ಆ ಹೆಂಗಸಿಗೆ ಇರಲಿಲ್ಲ ಎಂಬ ಸಂಗತಿಯೇ ನಮ್ಮ ಮನೆತನದಿಂದ ಅಳಿಸಿಹೋಗುತ್ತಿತ್ತು. ಮೋಸ ಮಾಡುವ ಉದ್ದೇಶ ಯಾರಿಗೂ ಇರಲಿಲ್ಲ. ವರ್ಷ ಕಳೆದದ್ದೇ ಸಾಕಾಯಿತು.

ನನಗೆ ತಿಳಿದ ಮಟ್ಟಿಗೆ ಈ ಇಡೀ ಪ್ರಶ್ನೆಯ ಗಂಟು ಇಲ್ಲಿದೆ. ಒಂದು ತಲೆಮಾರಿನ ಸಮಾಧಾನ ಮುಂದಿನ ತಲೆಮಾರಿನ ಸಾಕ್ಷ್ಯವಾಗುತ್ತದೆ. ಭಾವಚಿತ್ರವೆಂದು ಗೋಡೆಗೆ ಹಾಕಿದ್ದು, ಹಾಕಿದವರು ಹೋದಮೇಲೆ ಛಾಯಾಚಿತ್ರವೆಂದು ಓದಿಸಿಕೊಳ್ಳುತ್ತದೆ. ನನ್ನ ತಂಗಿ ತನ್ನ ಜಾಗವನ್ನು ನನಗೆ ಕೊಡಬಹುದು. ಅಜ್ಜಿಯನ್ನು ನೋಡಿಕೊಂಡದ್ದು ಯಾರು ಎಂಬ ನಿಜವನ್ನು ಆ ಮಗುವಿನಿಂದ ಕಸಿದು ನನಗೆ ಕೊಡುವ ಅಧಿಕಾರ ಅವಳಿಗೂ ಇಲ್ಲ, ತೆಗೆದುಕೊಳ್ಳುವ ಅಧಿಕಾರ ನನಗೂ ಇಲ್ಲ.

ರಾಮಾಯಣದಲ್ಲಿ ಸೀತೆಯ ಎರಡು ನಕಲುಗಳು ಬರುತ್ತವೆ. ಉತ್ತರಕಾಂಡದಲ್ಲಿ ರಾಮ ಯಜ್ಞ ಮಾಡುವಾಗ ಪಕ್ಕದಲ್ಲಿ ಪತ್ನಿ ಇರಬೇಕಲ್ಲ ಎಂದು ಚಿನ್ನದ ಸೀತೆಯನ್ನು ಮಾಡಿಸಿ ಇಡುತ್ತಾನೆ. ಯುದ್ಧಕಾಂಡದಲ್ಲಿ ಇಂದ್ರಜಿತು ಮಾಯೆಯ ಸೀತೆಯೊಬ್ಬಳನ್ನು ನಿರ್ಮಿಸಿ, ರಥದ ಮೇಲೆ ಕೂರಿಸಿ ತಂದು, ಹನುಮಂತನೂ ಕಪಿಸೇನೆಯೂ ನೋಡುತ್ತಿರುವಂತೆಯೇ ಕತ್ತಿಯಿಂದ ಕಡಿಯುತ್ತಾನೆ. ಹನುಮಂತ ಕಣ್ಣಾರೆ ಕಂಡದ್ದನ್ನು ನಂಬಿ ಬಂದು ಹೇಳುತ್ತಾನೆ, ರಾಮ ಮೂರ್ಛೆ ಹೋಗುತ್ತಾನೆ, ವಿಭೀಷಣ ಬಂದು ಇದು ಮಾಯೆ ಎಂದು ತಿಳಿಸಬೇಕಾಗುತ್ತದೆ. ಎರಡೂ ನಕಲೇ. ಚಿನ್ನದ ಸೀತೆಯನ್ನು ನೋಡಿದ ಯಾರೊಬ್ಬರೂ ಸೀತೆ ಬಂದಳೆಂದು ಭ್ರಮಿಸಲಿಲ್ಲ. ಆ ಪ್ರತಿಮೆ ಅವಳ ಜಾಗವನ್ನು ಅವಳಿಗಾಗಿಯೇ ಕಾಯ್ದಿಟ್ಟಿತು, ಅವಳು ಇಲ್ಲ ಎಂಬುದನ್ನು ಸಭೆಗೆಲ್ಲ ಸಾರಿ ಹೇಳಿತು. ಮಾಯಾಸೀತೆ ಇಲ್ಲದ್ದನ್ನು ಇದೆ ಎಂದು ನಂಬಿಸಿತು. ತಂಗಿ ನನಗೆ ಕಳಿಸಿದ್ದು ಚಿನ್ನದ ಸೀತೆ. ಆರು ವರ್ಷದ ಮಗುವಿನ ಕೈಗೆ ಬರುವ ಹೊತ್ತಿಗೆ ಅದು ಮಾಯಾಸೀತೆಯಾಗಿತ್ತು.

ಮನೆಯ ಗೋಡೆ ದಾಟಿ ಹೊರಗೆ ಬಂದರೂ ಇದೇ ಕಥೆ. ನಮ್ಮ ನೈರೋಬಿಯಲ್ಲೇ ಹುಟ್ಟಿದ, ನಮ್ಮಂತೆಯೇ ಭಾರತ ಉಪಖಂಡದ ಮೂಲದ ಛಾಯಾಗ್ರಾಹಕ ಮೊಹಮದ್ ಅಮೀನ್ ಅವರ ಹೆಸರು ಇಲ್ಲಿನ ಹಳಬರಿಗೆಲ್ಲ ಗೊತ್ತು. 1984ರ ಅಕ್ಟೋಬರಿನಲ್ಲಿ ಅವರು ಇಥಿಯೋಪಿಯಾದ ಕೋರೆಂನಲ್ಲಿ ಬರಗಾಲದ ದೃಶ್ಯಗಳನ್ನು ಚಿತ್ರೀಕರಿಸಿದರು. ಬಿಬಿಸಿಯಲ್ಲಿ ಅದು ಪ್ರಸಾರವಾದ ಮೇಲೆ ಪ್ರಪಂಚವೇ ಕದಲಿತು. ದೇಶ ದೇಶಗಳಿಂದ ಧಾನ್ಯ ಬಂತು, ಮರುವರ್ಷ ಜುಲೈಯಲ್ಲಿ 'ಲೈವ್ ಏಡ್' ಸಂಗೀತ ಕಾರ್ಯಕ್ರಮ ನಡೆಯಿತು. ನೋಡಿದವರಿಗೆ ಅನುಮಾನ ಬರಲಿಲ್ಲ: ಈ ಮನುಷ್ಯ ಅಲ್ಲಿ ನಿಂತಿದ್ದ, ಆ ಮಗು ಅಲ್ಲಿ ಮಲಗಿತ್ತು. ಇವತ್ತು ಅದೇ ದೃಶ್ಯ ಬಂದರೆ ನಮ್ಮ ವಾಟ್ಸಾಪ್ ಗುಂಪಿನಲ್ಲೇ ಯಾರಾದರೂ "ಇದೆಲ್ಲ ಎಐ" ಎಂದು ಬೆರಳು ಸರಿಸಿ ಮುಂದೆ ಹೋಗಲಿಕ್ಕಿಲ್ಲವೇ? ಸುಳ್ಳು ಚಿತ್ರಗಳು ಸುಳ್ಳನ್ನು ನಂಬಿಸುವುದು ಒಂದು ಕೇಡು. ನಿಜವನ್ನು ನಂಬದಂತೆ ಮಾಡುವುದು ಅದಕ್ಕಿಂತ ದೊಡ್ಡ ಕೇಡು. ಹಸಿದವನ ಬಳಿ ಇರುವ ಕೊನೆಯ ಆಸ್ತಿ ಎಂದರೆ ಅವನನ್ನು ಕಂಡವನ ಸಾಕ್ಷಿ.

2023ರ ನವೆಂಬರಿನಲ್ಲಿ ನಮ್ಮ ಕೊಡಗಿನ ಹುಡುಗಿ, ಚಿತ್ರನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬರ ವಿಡಿಯೋಗೆ ಅಂಟಿಸಿದ ಪ್ರಕರಣ ನೀವು ಓದಿದ್ದೀರಿ. ಮರುವರ್ಷ ಜನವರಿಯಲ್ಲಿ ದೆಹಲಿ ಪೊಲೀಸರು ಒಬ್ಬನನ್ನು ಹಿಡಿದರು. ರಶ್ಮಿಕಾ ಅವರಿಗೆ ಆದದ್ದು ಅನ್ಯಾಯ. ಪತ್ರಿಕೆಗಳು ಅದನ್ನು ಬರೆದವು, ಒಳ್ಳೆಯದೇ. ಆದರೆ ಆ ವಿಡಿಯೋದಲ್ಲಿ ನಿಜವಾಗಿ ಇದ್ದವರು ಭಾರತೀಯ ಮೂಲದ ಬ್ರಿಟನ್ನಿನ ಇನ್ನೊಬ್ಬ ಯುವತಿ. ಅವರ ಮೈ ಉಳಿಯಿತು, ಮುಖ ಹೋಯಿತು. ಅವರ ಬಗ್ಗೆ ನಮ್ಮಲ್ಲಿ ಎಷ್ಟು ಜನ ಯೋಚಿಸಿದೆವು? ನಾನಂತೂ ಯೋಚಿಸಿರಲಿಲ್ಲ. ತಂಗಿಯ ಪ್ರಸಂಗ ಆದಮೇಲೆಯೇ ಅದು ತಲೆಗೆ ಬಂದದ್ದು.

ಇದೇ ಊರಿನ ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ಈ ಯಂತ್ರಗಳು ಮಕ್ಕಳಿಗೂ ತೋರಿಸಬಹುದಾದಷ್ಟು ಸಭ್ಯವಾಗಿರಬೇಕಾದರೆ, ಅಸಭ್ಯವಾದದ್ದು, ಕ್ರೂರವಾದದ್ದು ಯಾವುದು ಎಂದು ಯಾರಾದರೂ ಮನುಷ್ಯರು ಮೊದಲು ನೋಡಿ ಗುರುತು ಹಾಕಬೇಕು. ಆ ಕೆಲಸ ಮಾಡಿದವರಲ್ಲಿ ನೈರೋಬಿಯ ಯುವಕ ಯುವತಿಯರೂ ಇದ್ದರು. ಓಪನ್ಎಐ ಕಂಪನಿಗಾಗಿ ಇಲ್ಲಿ ಹೊಲಸು ಬರಹಗಳಿಗೆ ಗುರುತು ಹಾಕುತ್ತಿದ್ದವರ ಕೈಗೆ ಸಿಗುತ್ತಿದ್ದ ಸಂಬಳ ಗಂಟೆಗೆ ಎರಡು ಡಾಲರನ್ನೂ ಮೀರುತ್ತಿರಲಿಲ್ಲ ಎಂದು 2023ರ ಜನವರಿಯಲ್ಲಿ ಅಮೆರಿಕದ 'ಟೈಮ್' ಪತ್ರಿಕೆ ಬರೆಯಿತು. ಹಿಂದಿನ ವರ್ಷ ಒಂದಿಷ್ಟು ಚಿತ್ರಗಳನ್ನೂ ಅವರಿಗೆ ಕೊಟ್ಟಿದ್ದರು. ಫೇಸ್‌ಬುಕ್‌ಗಾಗಿ ಇಲ್ಲಿ ಇಂಥದೇ ಕೆಲಸ ಮಾಡಿದವರಲ್ಲಿ 140ಕ್ಕೂ ಹೆಚ್ಚು ಜನರಿಗೆ ಆಘಾತದಿಂದ ಬರುವ ಮಾನಸಿಕ ಕಾಯಿಲೆ ಇದೆಯೆಂದು ಕೆನ್ಯಾಟಾ ರಾಷ್ಟ್ರೀಯ ಆಸ್ಪತ್ರೆಯ ಮನೋವೈದ್ಯರು ಕೊಟ್ಟ ವರದಿ 2024ರ ಡಿಸೆಂಬರಿನಲ್ಲಿ ನ್ಯಾಯಾಲಯದ ಮುಂದೆ ಬಂತು. ನಾವು ಒಂದು ಸಾಲು ಬರೆದು ಪಡೆಯುವ ಶುಭ್ರವಾದ ಚಿತ್ರದ ಹಿಂದೆ ಹೀಗೆ ರಾತ್ರಿ ನಿದ್ದೆ ಕಳೆದುಕೊಂಡವರಿದ್ದಾರೆ. ಅವರೂ ಚಿತ್ರದಲ್ಲಿ ಇಲ್ಲ.

ಆದ್ದರಿಂದ ನನಗೆ ನಾನೇ ಒಂದು ಪ್ರಶ್ನೆ ಮಾಡಿಕೊಂಡಿದ್ದೇನೆ. ಚಿತ್ರ ನಿಜವೋ ಸುಳ್ಳೋ ಎಂಬುದಕ್ಕಿಂತ ಮೊದಲು, ಈ ಚಿತ್ರ ಯಾರ ಜಾಗದಲ್ಲಿ ಕೂತಿದೆ ಎಂದು ಕೇಳುವುದು. ಇಲ್ಲದವರ ಜಾಗವನ್ನು ಅವರಿಗಾಗಿ ಕಾಯುತ್ತಿದ್ದರೆ ಅದು ಇರಲಿ. ಅಲ್ಲಿ ಇದ್ದವರನ್ನು ಎಬ್ಬಿಸಿ ತಾನು ಕೂತಿದ್ದರೆ, ಎಷ್ಟೇ ಸುಂದರವಾಗಿರಲಿ, ಎಷ್ಟೇ ಪ್ರೀತಿಯಿಂದ ಮಾಡಿಸಿದ್ದಾಗಿರಲಿ, ಅದು ಬೇಡ.

ನಮ್ಮಂಥ ಪರದೇಶವಾಸಿಗಳಿಗೆ ಈ ಪ್ರಶ್ನೆ ಉಳಿದವರಿಗಿಂತ ಹೆಚ್ಚು ಹತ್ತಿರದ್ದು ಎಂದು ನನ್ನ ಭಾವನೆ. ನಾವು ಪ್ರತಿಯೊಬ್ಬರೂ ಇರಬೇಕಾದ ಯಾವುದೋ ಒಂದು ಹಾಸಿಗೆಯ ಪಕ್ಕ ಇರಲಿಲ್ಲ. ಯಾವುದೋ ಮದುವೆ, ಯಾವುದೋ ನಾಮಕರಣ, ಯಾವುದೋ ಸಾವು. ಅಲ್ಲೆಲ್ಲ ನಮ್ಮ ಬದಲು ಇನ್ನೊಬ್ಬರು ಇದ್ದರು: ಒಬ್ಬ ತಂಗಿ, ಒಬ್ಬ ಅತ್ತಿಗೆ, ಪಕ್ಕದ ಮನೆಯವರು, ಕೆಲಸದವಳು. ಇರದೆ ಹೋದ ದುಃಖ ನಮ್ಮದು. ಇದ್ದ ಶ್ರಮ ಅವರದು. ಯಂತ್ರ ಈಗ ನಮ್ಮ ದುಃಖವನ್ನು ಅಳಿಸಿಕೊಡುತ್ತೇನೆ ಎನ್ನುತ್ತಿದೆ. ಸಾಲ ತೀರಿಸದೆ ಚೀಟಿ ಹರಿದುಹಾಕಿದ ಹಾಗೆ ಅದು. ಆ ಸಾಲ ನನಗೆ ಬೇಕು. ಅದು ಇರುವತನಕ ತಂಗಿಗೆ ನಾನು ಋಣಿ ಎಂಬುದಾದರೂ ನೆನಪಿರುತ್ತದೆ.

ಇನ್ನು ರಾಜ್ಯೋತ್ಸವದ ಪ್ರದರ್ಶನದ ವಿಷಯ. ಯುವಕರನ್ನು ತಡೆಯುವುದು ಬೇಡ. ಹರಿದದ್ದನ್ನು ಕೂಡಿಸಲಿ, ಮಸುಕನ್ನು ತಿಳಿ ಮಾಡಲಿ, ಬಣ್ಣವನ್ನೂ ಹಾಕಲಿ. ಆದರೆ ಮೂಲ ಫೋಟೋ ಎಷ್ಟೇ ಹಳತಾಗಿರಲಿ, ಅದನ್ನೂ ಪಕ್ಕದಲ್ಲೇ ಇಡೋಣ. ಇಲ್ಲದವರನ್ನು ಸೇರಿಸಿದ್ದರೆ ಚಿತ್ರದ ಕೆಳಗೆ, ಹಿಂಬದಿಯಲ್ಲಲ್ಲ, ಮುಂಬದಿಯಲ್ಲೇ, ಕನ್ನಡದಲ್ಲಿ ಒಂದು ಸಾಲು ಬರೆಯೋಣ: 'ಇದು ಆಸೆಯ ಚಿತ್ರ'. ಕಂಪನಿಗಳು ಕಣ್ಣಿಗೆ ಕಾಣದ ಗುರುತುಗಳನ್ನು ಚಿತ್ರದೊಳಗೇ ಹುದುಗಿಸುತ್ತಿವೆ ಎನ್ನುತ್ತಾರೆ. ಗೂಗಲ್ 2023ರಿಂದ ಹಾಗೆ ಮಾಡುತ್ತಿದೆ. ಒಳ್ಳೆಯದು. ಆದರೆ ಅದನ್ನು ಓದುವುದು ಯಂತ್ರ. ಆರು ವರ್ಷದ ಮಗುವಿಗೆ ಅಕ್ಷರವೇ ಬೇ��ು.

ನನ್ನ ಮನೆಯ ಮಾತಿಗೆ ಮುಕ್ತಾಯ ಹೇಳಿ ಮುಗಿಸುತ್ತೇನೆ. ಆ ಚಿತ್ರವನ್ನು ನಾನು ಅಳಿಸಿಲ್ಲ. ತಂಗಿ ಕೊಟ್ಟದ್ದು, ಅಳಿಸುವುದು ಹೇಗೆ? ಅದರ ಕೆಳಗೆ, "ಇದು ಆಸೆಯ ಚಿತ್ರ. ನೀರು ಬಿಟ್ಟವಳು ನನ್ನ ತಂಗಿ. ನಾನು ನೈರೋಬಿಯಲ್ಲಿದ್ದೆ" ಎಂದು ಬರೆದು ಕುಟುಂಬದ ಗುಂಪಿಗೆ ಮತ್ತೆ ಕಳಿಸಿದೆ. ಮಗುವಿಗೂ ಕರೆ ಮಾಡಿ ಹೇಳಿದೆ. "ಹಾಗಾದ್ರೆ ನೀವು ಎಲ್ಲಿದ್ರಿ ತಾತ?" ಎಂದು ಕೇಳಿತು. ಅದಕ್ಕೆ ಉತ್ತರ ಹುಡುಕುವಾಗ ಅಳಿಯನ ನೆನಪಾಯಿತು. ಆ ಬೆಳಿಗ್ಗೆ ಅವನು ಫೋನು ಹಿಡಿದು ನಿಂತಿದ್ದಾಗ ಪರದೆಯ ಮೇಲಿದ್ದುದನ್ನು ಹಾಗೇ ಒಂದು ಚಿತ್ರವಾಗಿ ಉಳಿಸಿಕೊಂಡಿದ್ದ. ನನಗೆ ತೋರಿಸಲು ಅವನಿಗೆ ಧೈರ್ಯವಿರಲಿಲ್ಲ. ಕೇಳಿದಮೇಲೆ ಕಳಿಸಿದ.

ಅದು ಕೆಟ್ಟ ಚಿತ್ರ. ಕೈ ನಡುಗಿ ಮಸುಕಾಗಿದೆ. ಅಮ್ಮನ ಮುಖ ಅರ್ಧ ಮಾತ್ರ ಕಾಣುತ್ತದೆ. ತಂಗಿಯ ಬೆನ್ನು, ಕೆದರಿದ ಜಡೆ, ಚಮಚ ಹಿಡಿದ ಕೈ. ಹೊದಿಕೆಯ ಮೇಲೆ ಅಮ್ಮನ ಬಲಗೈ ಇದೆ, ತೋರುಬೆರಳು ಸೊಟ್ಟಗಿದೆ. ಮೇಲಿನ ಮೂಲೆಯಲ್ಲಿ ಒಂದು ಅಂಚೆಚೀಟಿಯಷ್ಟು ಚೌಕದಲ್ಲಿ ನನ್ನ ಮುಖ ಇದೆ, ಬಾಯಿ ತೆರೆದುಕೊಂಡು ಏನೋ ಹೇಳುತ್ತಿದ್ದೇನೆ. ಅದನ್ನೇ ಮುದ್ರಿಸಿ ಕಟ್ಟು ಹಾಕಿಸಿದ್ದೇನೆ. ಪ್ರದರ್ಶನಕ್ಕೆ ನನ್ನ ಮನೆಯಿಂದ ಬರುವುದು ಆ ಫೋಟೋ.

ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ, ಏನನ್ನಿಸಿತು ಎಂದು ಮುಂದಿನ ಸಂಚಿಕೆಗೆ ಬರೆಯಿರಿ. ನನ್ನ ಅಭಿಪ್ರಾಯ ತಪ್ಪೆನಿಸಿದರೆ ಅದನ್ನೂ ಬರೆಯಿರಿ. ಸಂಪಾದಕರು ಜಾಗ ಕೊಡುತ್ತಾರೆ.